ಕಾಲಿನಿಂದ ಒತ್ತುವ ನಲ್ಲಿ

ಆ ಗಾಡಿ ಹುಟ್ಟುವಾಗ ಡೀಸೆಲ್ ಗಾಡಿಯಾಗಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಪೆಟ್ರೋಲ್ ಪಿಕಪ್ ಅದು. ಕೈಯಿಂದ ಕೈಗೆ ದಾಟಿ ಯಲಹಂಕದ ನಮ್ಮ ಯಜಮಾನರ ಬಳಿ ಬರುವಷ್ಟರಲ್ಲಿ ಯಾರೋ ಅದರ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದ್ದರು. ಅದಕ್ಕೆ ತಕ್ಕ ದೊಡ್ಡ ರೇಡಿಯೇಟರನ್ನು ಯಾವುದೋ ಲಾರಿಯಿಂದ ತಂದು ಮುಂದೆ ಬಿಗಿದಿದ್ದರು. ರೇಡಿಯೇಟರಿನ ಭಾರಕ್ಕೆಂದು ಕೆಳಗೊಂದು ಕಬ್ಬಿಣದ ಪಟ್ಟಿ ಕೊಟ್ಟಿದ್ದರು. ನೀರು ಬಿಡುವ ತಿರುಪು ಆ ಪಟ್ಟಿಯ ಹಿಂದೆ ಸಿಕ್ಕಿಕೊಂಡಿತ್ತು. ಅದನ್ನು ಬಿಗಿದವನು ಒಂದು ದಿನವಾದರೂ ಅದರ ನೀರು ಬಿಟ್ಟಿದ್ದರೆ ಹಾಗೆ ಬಿಗಿಯುತ್ತಿರಲಿಲ್ಲ.

ಇಸವಿ ಅರವತ್ತೆರಡೋ ಅರವತ್ತಮೂರೋ ಇರಬೇಕು. ಯಜಮಾನರಿಗೆ ಎರಡು ಗಾಡಿಗಳಿದ್ದವು. ಯಲಹಂಕದ ಸುತ್ತಿನ ತೋಟಗಳಿಂದ ಎಲೆಕೋಸು, ಗೆಡ್ಡೆಕೋಸು, ಕಾಲ ಬಂದಾಗ ದ್ರಾಕ್ಷಿ ತುಂಬಿ ಯಶವಂತಪುರದ ಗೂಡ್ಸ್ ಶೆಡ್ಡಿಗೆ ಮುಟ್ಟಿಸುವುದು ಅವುಗಳ ಕೆಲಸ. ಆ ಗಾಡಿಗಳನ್ನು ನೋಡಿಕೊಳ್ಳುವ ಫಿಟ್ಟರ್ ನಾನು ಒಬ್ಬನೇ. ಯಜಮಾನರ ಮನೆಯ ಹಿಂದೆ ತಗಡಿನ ಶೆಡ್ಡು. ನನಗಾಗ ಇಪ್ಪತ್ನಾಲ್ಕು ವರ್ಷ.

ನಮ್ಮ ಕಡೆಯ ಬಾವಿ ನೀರು ಗಡುಸು. ರೇಡಿಯೇಟರಿನ ಒಳಗೆ ಸುಣ್ಣ ಕಟ್ಟುತ್ತಿತ್ತು. ಹದಿನೈದು ದಿನಕ್ಕೊಮ್ಮೆ ವಾಷಿಂಗ್ ಸೋಡಾ ಹಾಕಿ, ಇಂಜಿನ್ ಓಡಿಸಿ, ಬಿಸಿಯಿರುವಾಗಲೇ ನೀರು ಬಿಡಬೇಕು. ಆರಿದ ಮೇಲೆ ಬಿಟ್ಟರೆ ತುಕ್ಕು, ಸುಣ್ಣ ಒಳಗೇ ಕೂತುಬಿಡುತ್ತದೆ. ಗೋಣಿಚೀಲ ಹಾಸಿ, ಅಂಗಾತ ಮಲಗಿ, ಆ ಪಟ್ಟಿಯ ಹಿಂದಕ್ಕೆ ಬೆರಳು ತೂರಿಸಿ ತಿರುಪು ಬಿಚ್ಚಿದರೆ ಕುದಿಯುವ ನೀರು ಮೊದಲು ಬರುತ್ತಿದ್ದದ್ದು ಅಂಗೈಗೆ, ಆಮೇಲೆ ತೋಳಿನ ಗುಂಟ ಕಂಕುಳಿಗೆ. ಸೋಡಾ ಬೆರೆತ ನೀರು ಸುಟ್ಟ ಜಾಗದಲ್ಲಿ ಎರಡು ದಿನ ಉರಿಯುತ್ತಿತ್ತು. ಎರಡು ವರ್ಷ ಹಾಗೆಯೇ ಮಾಡಿದೆ.

ಒಂದು ದಿನ, ದ್ರಾಕ್ಷಿ ತೋಟದವರು ಎಸೆದಿದ್ದ ಔಷಧಿ ಹೊಡೆಯುವ ಪಂಪಿನಿಂದ ಒಂದು ಹಿತ್ತಾಳೆ ನಲ್ಲಿ ಬಿಚ್ಚಿಕೊಂಡೆ. ಒಳ್ಳೆಯ ನಲ್ಲಿ. ಕಾಲು ಸುತ್ತು ತಿರುಗಿಸಿದರೆ ತೆರೆಯುವುದು, ಕಾಲು ಸುತ್ತಿಗೆ ಮುಚ್ಚುವುದು. ಗೇಣುದ್ದದ ಹಿಡಿ. ತಿರುಪಿನ ಜಾಗಕ್ಕೆ ತಾಮ್ರದ ಕೊಳವೆ ಬೆಸೆದು, ಪಟ್ಟಿಯ ಅಡಿಯಿಂದ ಮುಂದಕ್ಕೆ ತಂದು, ಬಂಪರಿನ ಕೆಳಗೆ ಎಡಗಡೆಗೆ ಬಗ್ಗಿಸಿ, ತುದಿಗೆ ನಲ್ಲಿ ಕೂರಿಸಿದೆ. ಹಿಡಿ ಅಡ್ಡ ಇದ್ದರೆ ಮುಚ್ಚಿದ್ದು. ಕೆಳಕ್ಕೆ ಒತ್ತಿದರೆ ತೆರೆಯಿತು. ಮಲಗುವುದಿರಲಿ, ಬಗ್ಗುವುದೂ ಬೇಡ. ನಿಂತಲ್ಲೇ ಕಾಲಿನಿಂದ ಒತ್ತಬಹುದಿತ್ತು. ಒತ್ತುವಾಗ ಬಿಗಿ ಅನ್ನಿಸಿದ್ದರಿಂದ ಹಿಡಿಯ ನಟ್ಟನ್ನು ಸ್ವಲ್ಪ ಸಡಿಲಿಸಿದೆ.

ಯಜಮಾನರು ಬಂದು ನೋಡಿದರು. ತಾವೇ ಚಪ್ಪಲಿ ಕಾಲಿನಿಂದ ಒತ್ತಿದರು. ನೀರು ಬಕೆಟ್ಟಿಗೆ ನೆಟ್ಟಗೆ ಬಿತ್ತು.

"ಏನಯ್ಯಾ, ಎಂಜಿನಿಯರ್ ಆಗ್ಬಿಟ್ಟೆ," ಅಂದರು.

ಆ ಮಾತು ನನಗೆ ಎಷ್ಟು ಹಿಡಿಸಿತೆಂದು ಇಲ್ಲಿ ಬರೆಯಲೇಬೇಕು, ಮುಂದೆ ನಡೆದದ್ದಕ್ಕೆ ಅದೂ ಒಂದು ಕಾರಣ. ನಾನು ಲೋವರ್ ಸೆಕೆಂಡರಿ ದಾಟಿದವನಲ್ಲ. ಅವರು ತಮ್ಮ ಮನೆಗೆ ಬಂದವರನ್ನೆಲ್ಲ ಶೆಡ್ಡಿಗೆ ಕರೆತಂದು, "ನಮ್ಮ ಹುಡುಗ ಮಾಡಿದ್ದು, ಒತ್ತಿ ನೋಡಿ," ಅನ್ನುವರು. ಬಂದವರು ಒತ್ತುವರು. ನಾನು ಅತ್ತ ತಿರುಗಿ ಸ್ಪ್ಯಾನರ್ ಒರೆಸುತ್ತ ನಿಲ್ಲುವೆ.

ಆ ಗಾಡಿಯ ಡ್ರೈವರ್ ಜಕ್ಕೂರಿನವರು. ನನಗಿಂತ ಹದಿನೈದು ವರ್ಷ ದೊಡ್ಡವರು. ಇಂಜಿನ್ನಿನ ಮೇಲೆ ಕೈಯಿಟ್ಟು, ಕೈ ತಡೆಯುವಷ್ಟು ಆರಿದ ಮೇಲೆಯೇ ತಣ್ಣೀರು ತುಂಬುತ್ತಿದ್ದ ಮನುಷ್ಯ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಅವರು ನನ್ನನ್ನು ಮೇಸ್ತ್ರಿ ಅನ್ನುತ್ತಿದ್ದರು, ಬಹುವಚನದಲ್ಲಿ. ಬೆಳಿಗ್ಗೆ ಬೇಗ ತೋಟಗಳಿಗೆ ಹೋಗಬೇಕಾದ್ದರಿಂದ ಗಾಡಿ ರಾತ್ರಿ ಅವರ ಮನೆ ಮುಂದೆಯೇ ನಿಲ್ಲುತ್ತಿತ್ತು.

ನಲ್ಲಿ ಬಂದ ಮೇಲೆ ಬಿಸಿನೀರಿಗೆ ಬೇಡಿಕೆ ಹುಟ್ಟಿತು. ಮೊದಲು ಬೇಡಿದ್ದು ಯಜಮಾನರ ಮನೆಯೇ. ಗಾಡಿ ಸಂಜೆ ಶೆಡ್ಡಿಗೆ ಬಂದ ದಿನ ಎರಡು ಬಕೆಟ್ ನೀರು ಹಿತ್ತಿಲ ಬಾಗಿಲಿಗೆ ಹೋಗುತ್ತಿತ್ತು. ಬಚ್ಚಲು ತಿಕ್ಕಲು, ಎಮ್ಮೆ ಹಾಲಿನ ಜಿಡ್ಡು ಪಾತ್ರೆ ತೊಳೆಯಲು. ಸೋಡಾ ಅಂಶ ಇದ್ದದ್ದರಿಂದ ಜಿಡ್ಡು ಚೆನ್ನಾಗಿ ಬಿಡುತ್ತಿತ್ತಂತೆ. ಆಮೇಲೆ ಡ್ರೈವರ್ ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಳು. ಗಂಡು ಮಗು. ಬಾಣಂತಿಗೆ ನೀರು ಕಾಯಿಸಿ ಹಾಕಲು ಹಂಡೆಗಟ್ಟಲೆ ನೀರು, ಅದಕ್ಕೆ ಹೊರೆಗಟ್ಟಲೆ ಸೌದೆ ಬೇಕು. ಮಗುವಿನ ಬಟ್ಟೆ ಒಗೆಯುವುದಕ್ಕಾದರೂ ಸೌದೆ ಉಳಿಯಲಿ ಎಂದು ಅವರು ಸಂಜೆ ಗಾಡಿ ನಿಲ್ಲಿಸಿದ ಮೇಲೆ ಒಂದು ಬಕೆಟ್ ನೀರು ಬಿಟ್ಟುಕೊಳ್ಳುವರು. ಬೆಳಿಗ್ಗೆ ಅಷ್ಟನ್ನು ತುಂಬುವರು. ನನ್ನನ್ನು ಕೇಳಿಯೇ ಶುರು ಮಾಡಿದ್ದು.

"ಬಟ್ಟೆಗೇನೂ ಆಗಾಕಿಲ್ವಾ ಮೇಸ್ತ್ರಿ?"

"ಎರಡು ಸಲ ತಣ್ಣೀರಲ್ಲಿ ಜಾಲಿಸಿ ಅಣ್ಣ. ತುಕ್ಕಿನ ಕಲೆ ನಿಂತ್ರೂ ನಿಂತೀತು."

"ಕಲೆ ನಿಂತ್ರೆ ನಿಲ್ಲಲಿ. ತಾತನ ಗಾಡಿ ಗುರ್ತು."

ಗೂಡ್ಸ್ ಶೆಡ್ಡಿನ ಹಮಾಲಿಗಳು ಅವರನ್ನು ರೇಗಿಸುತ್ತಿದ್ದರು. "ಏನಣ್ಣೋ, ಮೊಮ್ಮಗ ಉಚ್ಚೆ ಉಯ್ದ್ರೆ ಡೀಸಲ್ ವಾಸ್ನೆ ಬರ್ತದಂತೆ?" ಅವರು ನಗುವರು. "ಬರ್ಲಿ ಬುಡ್ಲಾ. ನಾಳೆ ಅವ್ನು ಡ್ರೈವರ್ ಆಗೋನೇ."

ಒಂದು ಶನಿವಾರ ಅವರು ನಮ್ಮ ಶೆಡ್ಡಿಗೆ ಬಂದಾಗ ಹೇಳಿದರು, "ಮೇಸ್ತ್ರಿ, ಆ ಇಡಿ ಬಲೇ ಸಡ್ಲ ಆಗೈತೆ. ಒಂದೀಟು ನೋಡಿ."

ನಾನು ಕಾಲಿನಿಂದ ಒತ್ತಿ, ಎತ್ತಿ ನೋಡಿದೆ. ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಅದರ ಆ ಮೆದುತನವೇ ನನಗೆ ಹೆಮ್ಮೆ. "ಸೋಮವಾರ ನೋಡೋಣ ಅಣ್ಣ," ಅಂದೆ. ಸೋಮವಾರ ನೋಡಲಿಲ್ಲ. ಮಂಗಳವಾರವೂ ಇಲ್ಲ.

ಬುಧವಾರ ಬೆಳಗಿನ ಜಾವ ಮಳೆ ಬಂದು ನಿಂತಿತ್ತು. ಹೆಬ್ಬಾಳದ ಕೆರೆ ಏರಿಯ ಆಚೆ ರಸ್ತೆಯೆಲ್ಲ ಕೆಂಪು ಕೆಸರು. ಗಾಡಿ ಬೆಳಿಗ್ಗೆ ಕೋಸು ಹೊತ್ತು ಯಶವಂತಪುರಕ್ಕೆ ಹೋಯಿತು. ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಬಿತ್ತು. ಇಳಿಸಿ, ಖಾಲಿ ಗಾಡಿಯಲ್ಲಿ ಅವರು ಒಬ್ಬರೇ ಹಿಂದಕ್ಕೆ ಹೊರಟು, ಜಕ್ಕೂರಿನ ಮನೆಯಲ್ಲಿ ನಿಂತು ಮುದ್ದೆ ಉಂಡು, ಯಲಹಂಕದ ಕಡೆ ಬಂದರು. ಊರು ಇನ್ನೊಂದು ಮೈಲಿ ಇರುವಾಗ ಇಂಜಿನ್ ಕಿರುಗುಟ್ಟಿ ನಿಂತಿತು. ಮತ್ತೆ ತಿರುಗಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ಎರಡನೇ ಗಾಡಿ ಅದನ್ನು ಹಗ್ಗ ಕಟ್ಟಿ ಎಳೆದು ತಂದಿತು.

ಈಗ ಹೇಳುವುದನ್ನು ನಾನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಶೆಡ್ಡಿನಲ್ಲಿ ಗಾಡಿ ನಿಂತಾಗ ಡ್ರೈವರ್ ಇಳಿದು ನೀರು ಕುಡಿಯಲು ಬಾವಿಯ ಕಡೆ ಹೋದರು. ಯಜಮಾನರು ಇನ್ನೂ ಬಂದಿರಲಿಲ್ಲ. ರೇಡಿಯೇಟರಿನ ಮುಚ್ಚಳ ತೆಗೆದೆ. ಒಳಗೆ ಒಂದು ಹನಿ ಇರಲಿಲ್ಲ. ಕೂತು ಬಂಪರಿನ ಕೆಳಗೆ ನೋಡಿದೆ. ನಲ್ಲಿಯ ಹಿಡಿ ಅರ್ಧಕ್ಕೆ ಇಳಿದಿತ್ತು. ಪೂರ್ತಿ ಕೆಳಗೆ ಅಲ್ಲ, ಅಡ್ಡವೂ ಅಲ್ಲ, ಓರೆಯಾಗಿ. ಹಿಡಿಯ ಮೇಲೆ ಬೆಳಗಿನ ಕೆಸರು ಸಿಡಿದು ಒಣಗಿತ್ತು. ಸಾಸಿವೆಯಷ್ಟು ಸಣ್ಣ ಸಣ್ಣ ಹನಿಗಳಾಗಿ, ತುದಿಯಿಂದ ಬುಡದವರೆಗೂ. ಒಂದು ಹನಿಯೂ ಅಳಿಸಿರಲಿಲ್ಲ. ಬೆರಳು ಮುಟ್ಟಿದ್ದರೆ ಅಳಿಸುತ್ತಿತ್ತು. ಕಾಲಿನಿಂದ ಒತ್ತಿದ್ದರೆ ಮೇಲ್ಭಾಗ ಉಜ್ಜಿಹೋಗುತ್ತಿತ್ತು. ಹಿಡಿ ನಲ್ಲಿಯನ್ನು ಸೇರುವ ಸಂದಿಯಲ್ಲಿ ಮಾತ್ರ ಕೆಸರಿನ ಪದರ ಕೂದಲೆಳೆಯಷ್ಟು ಹೊಸದಾಗಿ ಬಿರುಕು ಬಿಟ್ಟಿತ್ತು.

ಕೆಸರು ಒಣಗಿದ ಮೇಲೆ ಹಿಡಿ ಇಳಿದಿದೆ. ಯಾರೂ ಮುಟ್ಟದೆ ಇಳಿದಿದೆ. ಖಾಲಿ ಗಾಡಿಯ ಕುಲುಕಾಟಕ್ಕೆ, ತನ್ನ ಭಾರಕ್ಕೆ ತಾನೇ ಬಿದ್ದಿದೆ. ಬಿದ್ದರೆ ತೆರೆದುಕೊಳ್ಳುವ ಹಾಗೆ ಅದನ್ನು ಕೂರಿಸಿದವನು ನಾನು. ಸಡಿಲಿಸಿದವನೂ ನಾನು. ಆ ಒಂದು ನಟ್ಟು ಬಿಚ್ಚಿ, ಹಿಡಿಯನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದ್ದರೆ, ಬಿದ್ದಾಗ ಮುಚ್ಚಿಕೊಳ್ಳುತ್ತಿತ್ತು. ಎತ್ತಿದರೆ ಮಾತ್ರ ತೆರೆಯುತ್ತಿತ್ತು. ಐದು ನಿಮಿಷದ ಕೆಲಸ. ಆದರೆ ಆಗ ಕಾಲಿನಿಂದ ಒತ್ತಲು ಬರುತ್ತಿರಲಿಲ್ಲ.

ಇಷ್ಟೂ ನನಗೆ ಅಲ್ಲಿ ಕೂತಾಗಲೇ ಹೊಳೆಯಿತು. ಆಮೇಲೆ ಹೆಗಲ ಮೇಲಿದ್ದ ಬಟ್ಟೆ ತೆಗೆದು ಹಿಡಿಯನ್ನು ಒರೆಸಿದೆ. ಕೆಲಸಕ್ಕೆ ಮುಂಚೆ ಒರೆಸುವುದು ಫಿಟ್ಟರನ ಅಭ್ಯಾಸ, ಕೈ ತಾನಾಗಿ ಹೋಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಮೊದಲು ಅರ್ಥವಾಯಿತು, ಆಮೇಲೆ ಒರೆಸಿದೆ.

ಯಜಮಾನರು ಬಂದರು. ಮುಚ್ಚಳ ತೆಗೆದು ಒಳಗೆ ನೋಡಿದರು, ನಲ್ಲಿ ನೋಡಿದರು, ಡ್ರೈವರನ್ನು ಕರೆದರು.

"ನೀರೆಲ್ಲಿ ಹೋಯ್ತಯ್ಯಾ?"

"ಗೊತ್ತಿಲ್ಲ ಯಜಮಾನ್ರೆ. ಬೆಳಿಗ್ಗೆ ತುಂಬ್ಸಿದ್ದೆ."

"ಮನೆ ಹತ್ರ ನಿಲ್ಸಿದ್ಯಾ?"

"ಉಣ್ಣಕ್ ನಿಲ್ಸಿದ್ದೆ."

"ಬಾಣಂತಿ ಬಟ್ಟೆಗೆ ನೀರ್ ತಗೊಂಡೆ."

"ಇಲ್ಲ ಯಜಮಾನ್ರೆ."

"ದಿನಾ ತಗೋತೀಯೋ ಇಲ್ವೋ?"

"ತಗೋತೀನಿ, ಸಂಜೆ ಒತ್ತು. ಮದ್ಯಾನ ತಗೊಂಡ್ರೆ ಇಂಜಿನ್ ಆರೋಗಂಟ ಕಾಯ್ಬೇಕಲ್ವಾ, ಆಮೇಲೇ ತಣ್ಣೀರ್ ಉಯ್ಯೋದು. ಇವತ್ ಮುಟ್ಟೇ ಇಲ್ಲ ನಾನು."

"ಕಾಯಕ್ಕೆ ಬೇಜಾರಾಗಿ ಹಂಗೇ ಹೊಡ್ಕೊಂಡ್ ಬಂದೆ. ಬಿಸಿ ಮುಳ್ಳು ನೋಡ್ಲಿಲ್ವಾ? ಕಣ್ಣೆಲ್ಲಿಟ್ಟಿದ್ದೆ?"

"ನೋಡ್ದೆ. ಮುಳ್ಳು ಕೆಳಗೇ ಇತ್ತು ಯಜಮಾನ್ರೆ, ಮ್ಯಾಕ್ಕೆ ಓಗ್ಲೇ ಇಲ್ಲ."

ಯಜಮಾನರು ನಕ್ಕರು. ಇಂಜಿನ್ ಸುಟ್ಟುಹೋಗಿದೆ, ಮುಳ್ಳು ಕೆಳಗಿತ್ತಂತೆ. ಅದೂ ನಿಜವಿರಬಹುದೆಂದು ನನಗೆ ಗೊತ್ತಿತ್ತು. ಆ ಮುಳ್ಳಿಗೆ ಬಿಸಿ ತಿಳಿಸುವ ಗುಂಡಿ ನೀರಿನೊಳಗೆ ಮುಳುಗಿರಬೇಕು. ನೀರೇ ಇಲ್ಲದಿದ್ದರೆ ಅದು ಬರಿ ಗಾಳಿಯಲ್ಲಿ ನೇತಾಡುತ್ತದೆ, ಮುಳ್ಳು ಇಳಿಯುತ್ತದೆ. ಒಬ್ಬ ಡ್ರೈವರ್ ಸುಳ್ಳು ಹೇಳಬೇಕೆಂದಿದ್ದರೆ ಇಂಥ ಸುಳ್ಳು ಹೇಳುತ್ತಿರಲಿಲ್ಲ.

ಆಗ ಯಜಮಾನರು ನನ್ನ ಕಡೆ ತಿರುಗಿದರು.

"ನೀನ್ ಹೇಳಯ್ಯ. ಆ ನಲ್ಲಿ ತಾನಾಗೇ ತಿರುಗುತ್ತಾ?"

ಡ್ರೈವರ್ ನನ್ನ ಮುಖ ನೋಡಿದರು. ಗಾಬರಿಯಿಂದ ನೋಡಲಿಲ್ಲ. ಮೇಸ್ತ್ರಿ ಈಗ ಹೇಳುತ್ತಾನೆ, ಇಲ್ಲಿಗೆ ಇದು ಮುಗಿಯುತ್ತದೆ ಎನ್ನುವ ಹಾಗೆ ನೋಡಿದರು. ಶನಿವಾರ ತಾವು ಹೇಳಿದ್ದು ನನಗೆ ನೆನಪಿದ್ದೇ ಇರುತ್ತದೆ ಎಂಬ ನಂಬಿಕೆ ಆ ನೋಟದಲ್ಲಿತ್ತು.

"ಹಂಗೆಲ್ಲ ತಿರುಗಲ್ಲ ಯಜಮಾನ್ರೆ," ಅಂದೆ.

ಮೂರೇ ಮಾತು. ಶನಿವಾರದ ಸಂಗತಿಯನ್ನು ಡ್ರೈವರ್ ಎತ್ತುತ್ತಾರೆ ಎಂದು ಕಾದೆ. ಎತ್ತಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಬಹುಶಃ ಅದನ್ನೂ ಇಲ್ಲವೆನ್ನುತ್ತಿದ್ದೆ. ಅವರು ಎತ್ತಲಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಯಜಮಾನರು ಗಾಡಿಯ ಕೀ ಕೇಳಿದರು. ಕೊಟ್ಟು, ಜಕ್ಕೂರಿನ ಕಡೆ ನಡೆದುಹೋದರು.

ಯಜಮಾನರು ಸುಮ್ಮನಿರುವವರಲ್ಲ. ಗಾಡಿ ಇಟ್ಟವರೆಲ್ಲ ಒಬ್ಬರಿಗೊಬ್ಬರು ಗುರುತು. ಬಾಣಂತಿಯ ಬಟ್ಟೆ ಒಗೆಯಲು ರೇಡಿಯೇಟರ್ ಬರಿದು ಮಾಡಿ ಇಂಜಿನ್ ಸುಟ್ಟವನ ಕಥೆ ಹೆಬ್ಬಾಳದಿಂದ ಯಶವಂತಪುರದವರೆಗೆ ಓಡಾಡಿತು. ಕೇಳಿದವರು ನಗುತ್ತಿದ್ದರು, ಅದರಿಂದಲೇ ಅದು ನಿಲ್ಲಲಿಲ್ಲ. ಡ್ರೈವರಿಗೆ ಇನ್ಯಾರೂ ಗಾಡಿ ಕೊಡಲಿಲ್ಲ. ಯಜಮಾನರ ಮನೆಯ ಬಚ್ಚಲಿಗೆ ಹೋದ ಎರಡೆರಡು ಬಕೆಟ್ಟಿನ ಮಾತನ್ನು ಯಾರೂ ಆಡಲಿಲ್ಲ.

ಇಂಜಿನ್ ರಿಪೇರಿಯಾಗಿ ಆ ಗಾಡಿಗೆ ಹೊಸ ಡ್ರೈವರ್ ಬಂದ ಮೇಲೆ, ಎರಡನೇ ಗಾಡಿಗೂ ಅಂಥದೇ ನಲ್ಲಿ ಹಾಕು ಎಂದರು ಯಜಮಾನರು. ಹಾಕಿದೆ. ಈ ಸಲ ಹಿಡಿಯನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದೆ. ಬಗ್ಗಿ, ಕೈಯಿಂದ ಎತ್ತಿ ಹಿಡಿದರೆ ಮಾತ್ರ ನೀರು ಬರುತ್ತದೆ, ಬಿಟ್ಟರೆ ಬಿದ್ದು ಮುಚ್ಚಿಕೊಳ್ಳುತ್ತದೆ.

ಎರಡು ತಿಂಗಳ ಮೇಲೆ ಯಾವುದೋ ರಿಪೇರಿಗೆಂದು ಆ ಎರಡನೇ ಗಾಡಿಯ ಜೊತೆ ಯಶವಂತಪುರಕ್ಕೆ ಹೋಗಬೇಕಾಯಿತು. ಗೂಡ್ಸ್ ಶೆಡ್ಡಿನಲ್ಲಿ ಕೋಸಿನ ಬುಟ್ಟಿ ಇಳಿಸಲು ಬಂದ ಹಮಾಲಿಗಳಲ್ಲಿ ಡ್ರೈವರ್ ಅಣ್ಣನೂ ಇದ್ದರು. ತಲೆಗೆ ಸಿಂಬಿ ಸುತ್ತಿದ್ದರು. ಮೊದಲಿನ ಹಾಗೆ ಅಲ್ಲಿ ಯಾರೂ ಅವರನ್ನು ರೇಗಿಸುತ್ತಿರಲಿಲ್ಲ. ನನ್ನನ್ನು ನೋಡಿಯೂ ನೋಡದ ಹಾಗೆ ಎರಡು ಬುಟ್ಟಿ ಹೊತ್ತರು. ಮೂರನೆಯದಕ್ಕೆ ಬಂದಾಗ ಗಾಡಿಯ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತು ಬಂಪರಿನ ಕೆಳಗೆ ನೋಡಿದರು. ಹಿಡಿಯನ್ನು ಬೆರಳಿನಿಂದ ಎತ್ತಿದರು. ನೀರು ಬಂತು. ಬಿಟ್ಟರು. ಹಿಡಿ ಬಿತ್ತು, ನೀರು ನಿಂತಿತು. ಮತ್ತೊಮ್ಮೆ ಎತ್ತಿ ಬಿಟ್ಟರು.

"ತಿರುಗ್ಸಿ ಆಕಿದೀಯ," ಅಂದರು.

ನನಗೆ ಅವರು ಏಕವಚನ ಬಳಸಿದ್ದು ಅದೇ ಮೊದಲು. ನಾನು ಹೂಂ ಅಂದೆ.

"ಯಾವಾಗ್ ಗೊತ್ತಾಯ್ತು?"

ಆಮೇಲೆ ಎಂದು ಹೇಳಬಹುದಿತ್ತು. ಅವರಿಗೆ ಅದನ್ನು ಪರೀಕ್ಷಿಸುವ ದಾರಿಯಿರಲಿಲ್ಲ. "ಅವತ್ತೇ," ಅಂದೆ.

ಅವರು ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡರು. ಬೈಯಲಿಲ್ಲ. "ಗಾಡಿ ಓಗ್ಲಿ ಬುಡು. ಇಲ್ಲಿ ಒಟ್ಟೆಗೆ ಅಂಗೂ ಇಂಗೂ ಆಯ್ತದೆ. ಮಗಳು ಗಂಡನ ಮನೆಗೆ ಓದ್ಲು, ಅಟ್ಟೂರ್‌ಗೆ. ಅಲ್ಲಿ ಅವಳ ಮಾವ, ನಿಮ್ಮಪ್ಪ ಕೆಲ್ಸ ಕೊಟ್ಟೋನ ಗಾಡಿಗೇ ಕನ್ನ ಆಕ್ದೋನು ಅಂತ ಕೂತ್ರೆ ನಿಂತ್ರೆ ಆಡ್ಕೋತಾನೆ. ನನ್ನ ಅಲ್ಲಿಗೆ ಬರಬ್ಯಾಡ ಅಂದವ್ನೆ. ಮೊಮ್ಮಗನ್ನ ನೋಡಿ ತಿಂಗ್ಳಾಯ್ತು. ಅಷ್ಟು ಸರಿಮಾಡು. ನಿಜ ಏನೈತೋ ಅದನ್ನ ಒಂದ್ ಮಾತು ಅಲ್ಲಿ ಏಳು."

ಮೊದಲು ಯಜಮಾನರ ಬಳಿ ಹೋದೆ, ಅವರು ಹೇಳಿದರೆ ತೂಕ ಇರುತ್ತದೆ ಎಂದು. ಕೆಸರು, ಬಿರುಕು, ನಾನು ಒರೆಸಿದ್ದು ಎಲ್ಲವನ್ನೂ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದರು.

"ಗೊತ್ತಯ್ಯಾ. ಎರಡನೇ ಗಾಡಿಗೆ ನೀನು ತಿರುಗ್ಸಿ ಹಾಕ್ದಾಗ್ಲೇ ಗೊತ್ತಾಯ್ತು."

"ಹಂಗಾದ್ರೆ ಅವರನ್ನ ವಾಪಸ್..."

"ಊರಿಗೆಲ್ಲ ಹೇಳ್ಕೊಂಡ್ ಬಂದಿದೀನಿ. ಈಗ ಹೋಗಿ ಅಲ್ಲ ಅನ್ಲಾ? ಹೊಸ ಡ್ರೈವರ್ ಚೆನ್ನಾಗ್ ಓಡಿಸ್ತಾನೆ. ನೀನೂ ಸುಮ್ನೆ ನಿನ್ ಕೆಲ್ಸ ನೋಡ್ಕೊ."

ಮುಂದಿನ ಭಾನುವಾರ ಸೈಕಲ್ ತುಳಿದು ಅಟ್ಟೂರಿಗೆ ಹೋದೆ. ಡ್ರೈವರ್ ಬೀಗರು ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಯಾರೆಂದು ಹೇಳಿಕೊಂಡೆ. ಕೂರಿ ಅಂದರು. ನೀರು ಕೊಟ್ಟರು. ಯಜಮಾನರಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ, ಯಾವುದನ್ನೂ ಬಿಡದೆ. ತಪ್ಪು ನನ್ನದು, ನಿಮ್ಮ ಬೀಗರು ಆ ದಿನ ನಲ್ಲಿ ಮುಟ್ಟಲೇ ಇಲ್ಲ ಅಂದೆ.

ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಿರಲಿಲ್ಲ. "ಅವತ್ತು ನಿಮ್ಮನ್ನ ಕೇಳ್ದಾಗ ಏನಂದ್ರಿ?"

"ತಾನಾಗಿ ತಿರುಗಲ್ಲ ಅಂದೆ."

"ಇವತ್ತು ತಿರುಗುತ್ತೆ ಅಂತೀರಿ."

"ಅವತ್ತು ಸುಳ್ಳು ಹೇಳ್ದೆ."

"ಸುಳ್ಳು ಏಳೋನು ಅಂತ ನೀವೇ ಒಪ್ಕೋತೀರಿ." ಅವರು ನಕ್ಕರು, ಕೆಟ್ಟದಾಗೇನೂ ಅಲ್ಲ. "ಅವ್ನೇ ತಾನೇ ಕಳ್ಸಿದ್ದು ನಿಮ್ಮನ್ನ?"

ಇಲ್ಲ ಅನ್ನಲು ಬರಲಿಲ್ಲ. ಕಳಿಸಿದ್ದು ಅವರೇ. ನಿಜವನ್ನೇ ಹೇಳಬೇಕೆಂದು ಹೋದವನಿಗೆ ಅಲ್ಲಿ ಉಳಿದ ಉತ್ತರ ಅದೊಂದೇ. ಹೌದು ಅಂದೆ.

"ಅದನ್ನೇ ನಾನೂ ಅಂದ್ಕೊಂಡೆ. ಎಷ್ಟೇ ಆದ್ರೂ ಸ್ನೇಯಿತ್ರು." ಸಿಪ್ಪೆಯನ್ನು ಒಟ್ಟುಮಾಡಿ ಮೊರಕ್ಕೆ ಹಾಕಿಕೊಂಡು ಅವರು ದನದ ಕೊಟ್ಟಿಗೆಯ ಕಡೆ ಎದ್ದು ಹೋದರು.

ನಾನು ಸೈಕಲ್ ಹತ್ತುವಾಗ ಮಗಳು ಬಾಗಿಲಿಗೆ ಬಂದಳು. ಸೊಂಟದ ಮೇಲೆ ಮಗು. ಒಳಗಿಂದ ಎಲ್ಲ ಕೇಳಿಸಿಕೊಂಡಿರಬೇಕು. ಮಾವ ಹೋದ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು.

"ನಮ್ಮಪ್ಪಂಗೆ ಏಳಿ. ಇನ್ ಯಾರ್‌ನೂ ಕಳಿಸ್ಬ್ಯಾಡ ಅಂತ. ನೀವು ಬಂದೋಗಿದ್ಕೆ ಇನ್ನ ಎಂಟ್ ದಿನ ನಾನು ಮಾತ್ ಕೇಳ್ಬೇಕು."

ಸೋಮವಾರ ಯಶವಂತಪುರಕ್ಕೆ ಹೋಗುವ ಗಾಡಿ ಇತ್ತು. ಅದರಲ್ಲಿ ಹೋಗಿ ಡ್ರೈವರಿಗೆ ಮಗಳ ಮಾತು ತಿಳಿಸಬೇಕಾಗಿತ್ತು. ನಾನು ಹೋಗಲಿಲ್ಲ. ಯಜಮಾನರ ಶೆಡ್ಡಿನಲ್ಲಿ ಆಮೇಲೆ ಇನ್ನೂ ಐದು ವರ್ಷ ಕೆಲಸ ಮಾಡಿದೆ. ಆ ಐದು ವರ್ಷದಲ್ಲಿ ಗೂಡ್ಸ್ ಶೆಡ್ಡಿಗೆ ಹೋಗಬೇಕಾದ ಪ್ರತಿ ಸಲವೂ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡೆ.